ನಗಿಸಬೇಕಿದ್ದ ಚಾಕ್ಲೇಟ್ ಜಾಹೀರಾತು ಅಳು ತರಿಸುವುದು ಯಾಕೆ?

ಕಳೆದ ತಿಂಗಳು ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಎಲ್ಲರೂ ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಉರುಳಿದ್ದೆವು. ಭಾವ ತಮ್ಮ ಫೋನಿನಲ್ಲಿ ಒಂದು ಹಳೆಯ ಜಾಹೀರಾತು ಹಾಕಿ ನಮ್ಮ ಮುಂದೆ ಹಿಡಿದರು. ಅಮೆರಿಕದ್ದು. ಅರ್ಧ ನಿಮಿಷದಲ್ಲಿ ಮುಗಿದೇ ಹೋಯಿತು. ಭಾವನೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಕ್ಕನ ಮಗಳು ಮಾತ್ರ ನಗಲಿಲ್ಲ. ಅವಳಿಗೆ ಒಂಬತ್ತು ವರ್ಷ, ಇಂಗ್ಲಿಷ್ ಚೆನ್ನಾಗಿಯೇ ಅರ್ಥವಾಗುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಮಾಮಾ, ಹಾಗಾದ್ರೆ ಆ ಪಾಪುನ ಯಾರು ಎತ್ಕೋತಾರೆ?"

ನಾವಿಬ್ಬರೂ ನಗು ನಿಲ್ಲಿಸಿದೆವು. ಇನ್ನೊಂದು ಸಲ ಹಾಕಿ ನೋಡಿದರೆ ನಗು ಬರಲೇ ಇಲ್ಲ.

ಇಂಥದ್ದು ನಿಮಗೂ ಆಗಿರಬಹುದು. ಹತ್ತಿಪ್ಪತ್ತು ವರ್ಷ ಹಳೆಯ ಜಾಹೀರಾತುಗಳು ಈಗ ತುಣುಕುಗಳಾಗಿ ಫೋನಿಗೆ ಬಂದು ಬೀಳುತ್ತಿವೆ. ಆಗ ನಕ್ಕಿದ್ದೆವು, ಈಗ ಯಾಕೋ ಸಂಕಟವಾಗುತ್ತದೆ. ಜಾಹೀರಾತು ಅದೇ, ಮಿಠಾಯಿಯೂ ಅದೇ. ಮತ್ತೆ ಬದಲಾಗಿದ್ದೇನು?

ಆ ಅರ್ಧ ನಿಮಿಷದಲ್ಲಿ ಏನಿದೆ

ಮೊದಲು ಮಿಠಾಯಿಯ ಪರಿಚಯ. ನಮ್ಮಲ್ಲಿ ಪೆಪ್ಪರಮೆಂಟಿನಿಂದ ಹಿಡಿದು ಬಣ್ಣದ ಕಾಗದ ಸುತ್ತಿದ್ದೆಲ್ಲವೂ ಚಾಕ್ಲೇಟೇ, ಅಲ್ವಾ? ಇದೂ ಹಾಗೇ, ಹೆಸರಿಗೆ ಚಾಕ್ಲೇಟು. ಸ್ಕಿಟಲ್ಸ್ ಅಂದರೆ ಹಣ್ಣಿನ ರುಚಿಯ ಸಣ್ಣ ಗುಳಿಗೆಗಳು. ನೋಡಲು ಜೆಮ್ಸ್ ಥರ, ಬಾಯಿಗೆ ಹಾಕಿದರೆ ಪಾಪಿನ್ಸ್ ಕಡೆಯ ಹುಳಿಸಿಹಿ. 1974ರಲ್ಲಿ ಬ್ರಿಟನ್ನಿನಲ್ಲಿ ಶುರುವಾಗಿ 1979ರಲ್ಲಿ ಅಮೆರಿಕಕ್ಕೆ ಹೋಯಿತು. ಕಾಮನಬಿಲ್ಲಿನ ರುಚಿ ನೋಡಿ ಅನ್ನುವುದು ಅದರ ಘೋಷವಾಕ್ಯ.

2007ರ ಜಾಹೀರಾತು ಇದು. ಒಂದು ಸಾದಾ ಆಫೀಸು. ಟಿಮ್ ಅನ್ನುವ ಒಬ್ಬ ನೌಕರ. ಅವನು ಮುಟ್ಟಿದ್ದೆಲ್ಲ ಸ್ಕಿಟಲ್ಸ್ ಆಗುತ್ತದೆ. ಸಹೋದ್ಯೋಗಿ ಒಬ್ಬ ಹೊಸಬನಿಗೆ ಇದನ್ನು ತೋರಿಸಲೆಂದು ಬಂದು ನಿಂತಿದ್ದಾನೆ. ಟಿಮ್ ಸ್ಟೇಪ್ಲರ್ ಮುಟ್ಟುತ್ತಾನೆ, ಅದು ಬಣ್ಣದ ಗುಳಿಗೆಗಳಾಗಿ ಚೆಲ್ಲಿಹೋಗುತ್ತದೆ. ಇಬ್ಬರಿಗೂ ಖುಷಿಯೋ ಖುಷಿ. ಸಖತ್ತಾಗಿದೆಯಲ್ಲಪ್ಪಾ ಅನ್ನುತ್ತಾರೆ.

ಆಗ ಟಿಮ್ ತಲೆ ಎತ್ತುತ್ತಾನೆ. ಮುಖದಲ್ಲಿ ನಗುವಿನ ಎಳೆಯೂ ಇಲ್ಲ. ಹುಟ್ಟಿದ ಮಗನನ್ನು ಕೈಯಲ್ಲಿ ಎತ್ತಿಕೊಳ್ಳಲಾಗದ್ದು ಸಖತ್ತಾ ಅಂತ ಕೇಳುತ್ತಾನೆ. ಬೆಳಿಗ್ಗೆ ಬಸ್ಸಿನಲ್ಲಿ ಒಬ್ಬರ ಕೈ ಕುಲುಕಿದೆ, ಆ ಮನುಷ್ಯ ಇನ್ನು ಹೆಂಡತಿ ಮಕ್ಕಳ ಮುಖ ನೋಡುವುದಿಲ್ಲ ಅನ್ನುವ ಅರ್ಥದ ಮಾತಾಡುತ್ತಾನೆ. ಎದುರಿಗಿದ್ದವನು ಅಷ್ಟನ್ನೂ ಕೇಳಿಸಿಕೊಂಡು ಹೇಳುವುದೇನು ಗೊತ್ತೇ? ಆದರೂ ನಿನಗೆ ಪುಕ್ಕಟೆ ಸ್ಕಿಟಲ್ಸ್ ಎಷ್ಟೊಂದು ಸಿಗುತ್ತಲ್ಲ! ಟಿಮ್‌ನ ಸಿಟ್ಟಿಗೆ ಮುಂದಿನ ಮೇಜೂ ಗುಳಿಗೆಯಾಗುತ್ತದೆ.

ಇಷ್ಟೇ. ಬರೆದವರ ಲೆಕ್ಕದಲ್ಲಿ ಇದು ತಮಾಷೆ. ನಮ್ಮ ಹುಡುಗಿಯ ಲೆಕ್ಕದಲ್ಲಿ ಇದು ಮಗುವನ್ನು ಮುಟ್ಟಲಾಗದ ಅಪ್ಪನ ಕತೆ. ಇಬ್ಬರ ಲೆಕ್ಕವೂ ಸರಿಯೇ.

ನಗು ಹುಟ್ಟುವುದು ಎಲ್ಲಿ

ಮದುವೆ ಛತ್ರದಲ್ಲಿ ಕೈ ತೊಳೆಯುವ ಜಾಗ ನೆನಪಿಸಿಕೊಳ್ಳಿ. ನೆಲ ಒದ್ದೆ. ಇಸ್ತ್ರಿ ಮಾಡಿದ ಪಂಚೆ, ಶಲ್ಯ, ಭಾರಿ ಗತ್ತು ಇರುವ ಒಬ್ಬರು ಬರುತ್ತಾರೆ, ಸರ್ರನೆ ಜಾರಿ ಕೂತುಬಿಡುತ್ತಾರೆ. ಒಂದು ಕ್ಷಣ ಎಲ್ಲರೂ ಉಸಿರು ಹಿಡಿಯುತ್ತಾರೆ. ಅವರು ಎದ್ದು ಪಂಚೆ ಕೊಡವಿಕೊಂಡರೆ ಸಾಕು, ನಗು ಒಡೆಯುತ್ತದೆ. ಅವರೂ ನಗುತ್ತಾರೆ. ಆದರೆ ಅವರು ಏಳದೆ ಮಂಡಿ ಹಿಡಿದುಕೊಂಡು ಮುಖ ಕಿವುಚಿದರೆ? ಯಾರೂ ನಗುವುದಿಲ್ಲ. ಎಲ್ಲರೂ ಓಡುತ್ತಾರೆ.

ಜಾರಿದ್ದು ಎರಡು ಸಲವೂ ಒಂದೇ ಥರ. ವ್ಯತ್ಯಾಸ ಇರುವುದು ಆಮೇಲಿನ ಎರಡು ಸೆಕೆಂಡಿನಲ್ಲಿ.

ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರನ್ 2010ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಮಂಡಿಸಿದರು. ಅದರ ಹೆಸರು ಬೆನೈನ್ ವಯಲೇಷನ್. ಕನ್ನಡದಲ್ಲಿ ಹಾನಿಯಿಲ್ಲದ ಎಡವಟ್ಟು ಅನ್ನಬಹುದು. ನಗು ಬರಬೇಕಾದರೆ ಎರಡು ಸಂಗತಿ ಒಟ್ಟಿಗೆ ಇರಬೇಕು. ಒಂದು, ಏನೋ ಒಂದು ಕೆಡಬೇಕು: ರೀತಿ, ನಿಯಮ, ಮರ್ಯಾದೆ, ಹೀಗೇ ಇರಬೇಕು ಅನ್ನುವ ನಮ್ಮ ಎಣಿಕೆ. ಎರಡು, ಕೆಟ್ಟರೂ ಪರವಾಗಿಲ್ಲ ಅಂತ ಅದೇ ಗಳಿಗೆಯಲ್ಲಿ ಅನ್ನಿಸಬೇಕು. ಏನೂ ಕೆಡದಿದ್ದರೆ ಬೇಜಾರು. ಜಾಸ್ತಿ ಕೆಟ್ಟರೆ ಸಂಕಟ. ಕಚಗುಳಿ ನೋಡಿ. ನಿಮ್ಮ ಪಕ್ಕೆಗೆ ನೀವೇ ಕೈ ಹಾಕಿಕೊಂಡರೆ ನಗು ಬರುವುದಿಲ್ಲ. ತಂಗಿ ಹಾಕಿದರೆ ಬರುತ್ತದೆ. ಗುರುತಿಲ್ಲದವನು ಹಾಕಿದರೆ ಕಪಾಳಕ್ಕೆ ಬಾರಿಸುತ್ತೀರಿ.

ಸ್ಟೇಪ್ಲರ್ ಮಿಠಾಯಿಯಾಗುವುದು ಹಾನಿಯಿಲ್ಲದ ಎಡವಟ್ಟು. ಬಸ್ಸಿನ ಮನುಷ್ಯ ಮಿಠಾಯಿಯಾಗುವುದು? ಅದು ಸಾವು. ಆದರೆ ಅವನ ಮುಖ ನಾವು ನೋಡಿಲ್ಲ, ಮಿಠಾಯಿಯ ಜಗತ್ತು ಹೇಗೂ ಸುಳ್ಳು, ಹಾಗಾಗಿ ಪರವಾಗಿಲ್ಲ ಅಂತ ಬಹಳ ಜನ ನಕ್ಕುಬಿಡುತ್ತಾರೆ. ಮಗು ಬಂದಾಗ ಈ ಪರವಾಗಿಲ್ಲ ಅನ್ನುವುದು ಅಲುಗಾಡುತ್ತದೆ. ಕೆಲವರಿಗೆ ಸ್ವಲ್ಪ, ಕೆಲವರಿಗೆ ಪೂರ್ತಿ.

ಹೃದಯಕ್ಕೆ ಅರಿವಳಿಕೆ

ಇದಕ್ಕೂ ನೂರು ವರ್ಷ ಹಿಂದೆ, 1900ರಲ್ಲಿ, ಫ್ರಾನ್ಸಿನ ತತ್ವಜ್ಞಾನಿ ಹೆನ್ರಿ ಬರ್ಗ್‌ಸನ್ ನಗುವಿನ ಬಗ್ಗೆ ಬರೆಯುತ್ತಾ ಒಂದು ಮಾತು ಹೇಳಿದ್ದ. ನಗಬೇಕಾದರೆ ಹೃದಯಕ್ಕೆ ಅರೆಗಳಿಗೆ ಅರಿವಳಿಕೆ ಕೊಟ್ಟ ಹಾಗಿರಬೇಕು ಅನ್ನುವುದು ಅದರ ಸಾರ. ಹಲ್ಲಿನ ಡಾಕ್ಟರು ವಸಡಿಗೆ ಸೂಜಿ ಹಾಕುತ್ತಾರಲ್ಲ, ಹಾಗೆ. ಮರಗಟ್ಟಿದಷ್ಟು ಹೊತ್ತು ಹಲ್ಲು ಕಿತ್ತರೂ ನೋವಿಲ್ಲ.

ಹಾಸ್ಯದಲ್ಲಿ ಈ ಸೂಜಿಯ ಕೆಲಸ ಮಾಡುವುದು ದೂರ. ಪಾತ್ರ ನಮ್ಮಿಂದ ದೂರ ಇದ್ದಷ್ಟೂ ನಗು ಸಲೀಸು. ಛತ್ರದಲ್ಲಿ ಜಾರಿದ ಯಜಮಾನರು ಬರೀ ಯಾರೋ ಗತ್ತಿನ ಮನುಷ್ಯ ಆಗಿದ್ದಾಗ ನಕ್ಕಿರಿ. ಅವರು ಹುಡುಗಿಯ ತಂದೆ, ಈ ಮದುವೆಗೆಂದು ತೋಟ ಅಡವಿಟ್ಟಿದ್ದಾರೆ ಅಂತ ಪಕ್ಕದವರು ಪಿಸುಗುಟ್ಟಿದರೆ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅವರು ಎದ್ದು ನಿಂತಿದ್ದರೂ ಅಷ್ಟೇ. ಒಂದೇ ಒಂದು ವಿವರ, ದೂರ ಹೋಯಿತು.

ನಮ್ಮ ಹಳೆಯ ಅಲಂಕಾರಶಾಸ್ತ್ರದವರೂ ಹಾಸ್ಯ ಮತ್ತು ಕರುಣವನ್ನು ಒಂದಕ್ಕೊಂದು ಆಗದ ರಸಗಳ ಸಾಲಿನಲ್ಲಿ ಇಟ್ಟಿದ್ದಾರೆ. ಎರಡನ್ನೂ ಒಂದೇ ಮಾತಿನಲ್ಲಿ ಕೂರಿಸಿದರೆ ಒಂದು ಇನ್ನೊಂದನ್ನು ತಿಂದುಹಾಕುತ್ತದೆ. ಯಾವುದು ಯಾವುದನ್ನು ತಿನ್ನುತ್ತದೆ ಅನ್ನುವುದು ಮಾತ್ರ ನೋಡುವವರ ಮೇಲೆ ನಿಂತಿದೆ.

ಭಸ್ಮಾಸುರನಿಗೆ ಯಾರೂ ಅಳುವುದಿಲ್ಲ

ಮುಟ್ಟಿದ್ದೆಲ್ಲ ಹಾಳಾಗುವ ಕತೆ ನಮಗೆ ಹೊಸದಲ್ಲ. ಭಸ್ಮಾಸುರ ಯಾರ ತಲೆ ಮೇಲೆ ಕೈ ಇಟ್ಟರೂ ಸುಟ್ಟು ಬೂದಿ. ವರ ಕೊಟ್ಟ ಶಿವನ ಮೇಲೇ ಪ್ರಯೋಗ ಮಾಡಲು ಹೋಗುತ್ತಾನೆ. ಕೊನೆಗೆ ಮೋಹಿನಿಯ ಜೊತೆ ಕುಣಿಯುತ್ತಾ ತನ್ನ ತಲೆ ಮೇಲೇ ಕೈ ಇಟ್ಟುಕೊಂಡು ಬೂದಿಯಾಗುತ್ತಾನೆ. ಯಕ್ಷಗಾನದಲ್ಲಿ ಈ ಪ್ರಸಂಗ ನೋಡಿದವರಿಗೆ ಗೊತ್ತು, ಆ ಕುಣಿತಕ್ಕೆ ಜನ ನಗುತ್ತಾರೆ. ಅವನು ಸಾಯುವುದನ್ನು ನೋಡಿ ನಗುತ್ತಿದ್ದೇವೆ ಅಂತ ಯಾರಿಗೂ ಅನ್ನಿಸುವುದಿಲ್ಲ.

ಯಾಕೆ? ಅವನು ಬೇಡಿ ಪಡೆದದ್ದು ಅದು. ಅವನ ಸೊಕ್ಕಿಗೆ ತಕ್ಕದ್ದು ಸಿಕ್ಕಿತು ಅನ್ನುವ ಲೆಕ್ಕ ಸರಿಹೋಗುತ್ತದೆ. ಭಸ್ಮಾಸುರನಿಗೆ ಮನೆಯಲ್ಲಿ ಮಗುವಿದೆ, ಅದಕ್ಕೆ ಜೋಗುಳ ಹಾಡುವವರಿಲ್ಲ ಅಂತ ಭಾಗವತರು ಒಂದು ಪದ್ಯ ಎತ್ತಿದರೆ ಏನಾಗಬಹುದು ಯೋಚಿಸಿ.

ಗ್ರೀಕರ ರಾಜ ಮೈಡಾಸ್‌ನ ಕತೆಯಲ್ಲಿ ಇದು ಆಗಿಯೇ ಬಿಟ್ಟಿದೆ. ಮುಟ್ಟಿದ್ದೆಲ್ಲ ಚಿನ್ನವಾಗಲಿ ಅಂತ ಬೇಡಿದ ದುರಾಸೆಯವನು ಅವನು. ಎರಡು ಸಾವಿರ ವರ್ಷ ಹಿಂದೆ ರೋಮಿನ ಕವಿ ಓವಿಡ್ ಬರೆದ ಕತೆಯಲ್ಲಿ ಅನ್ನ ಚಿನ್ನವಾಗುತ್ತದೆ, ಕುಡಿಯುವುದೂ ಚಿನ್ನವಾಗುತ್ತದೆ, ರಾಜ ಹಸಿದುಕೊಂಡು ಪರದಾಡುತ್ತಾನೆ. ಮಗಳು ಇಲ್ಲವೇ ಇಲ್ಲ. ಮಗಳು ಚಿನ್ನದ ಬೊಂಬೆಯಾಗುವ ಭಾಗ ಮನೆಮಾತಾಗಿದ್ದು 1850ರ ಆಸುಪಾಸಿನಲ್ಲಿ, ಅಮೆರಿಕದ ನೆಥಾನಿಯಲ್ ಹಾಥಾರ್ನ್ ಮಕ್ಕಳಿಗೆಂದು ಈ ಕತೆ ಮತ್ತೆ ಬರೆದಾಗ. ಮಗಳು ಬರುವ ತನಕ ಅದು ದುರಾಸೆಯವನ ಪಜೀತಿ. ಬಂದ ಮೇಲೆ ಅಪ್ಪನ ದುಃಖ. ನಾವೆಲ್ಲ ಶಾಲೆಯಲ್ಲಿ ಕೇಳಿದ್ದು ಈ ಎರಡನೆಯದನ್ನೇ.

ಈಗ ಟಿಮ್ ಕಡೆ ನೋಡಿ. ಅವನು ಏನನ್ನೂ ಬೇಡಿಲ್ಲ. ತಪ್ಪು ಮಾಡಿಲ್ಲ. ಕೆಲಸಕ್ಕೆ ಬಸ್ಸಿನಲ್ಲಿ ಬರುತ್ತಾನೆ. ಅವನ ಮುಂದೆ ನಿಂತ ಇಬ್ಬರು ಅವನ ಕಷ್ಟ ಕೇಳಿಯೂ ಮಿಠಾಯಿ ಲೆಕ್ಕ ಹಾಕುತ್ತಾರೆ. ನನಗೆ ಕೇಳಿದರೆ, ಮಗುವಿಗಿಂತ ಜಾಸ್ತಿ ಚುಚ್ಚುವುದು ಇದೇ. ಮನಸ್ಸಿನ ಕಷ್ಟ ತೋಡಿಕೊಂಡಾಗ ಎದುರಿಗಿರುವವರು, ಆದರೂ ನಿನಗೆ ಸಂಬಳ ಚೆನ್ನಾಗಿದೆಯಲ್ಲ ಮಾರಾಯಾ ಅಂದಿದ್ದು ಯಾರಿಗೆ ಅನುಭವವಿಲ್ಲ?

ಜೀವ ಇಲ್ಲದ್ದಕ್ಕೂ ಮರುಗುತ್ತೇವೆ

ಟಿಮ್ ಮನುಷ್ಯನಾದರೂ ಹೌದು. ನಮ್ಮ ಮರುಕಕ್ಕೆ ಮನುಷ್ಯರೇ ಬೇಕೆಂದಿಲ್ಲ. 1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮರಿಯಾನ್ ಸಿಮೆಲ್ ಅನ್ನುವ ಮನಃಶಾಸ್ತ್ರಜ್ಞರು ಒಂದು ಪುಟ್ಟ ಫಿಲ್ಮು ತೋರಿಸಿದರು. ಅದರಲ್ಲಿದ್ದದ್ದು ಎರಡು ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಆಯತ. ಅವು ಅತ್ತಿತ್ತ ಸರಿದಾಡುತ್ತವೆ, ಅಷ್ಟೇ. ನೋಡಿದವರು ಹೇಳಿದ್ದು ಮಾತ್ರ ದೊಡ್ಡ ಸಂಸಾರದ ಕತೆ: ದೊಡ್ಡ ತ್ರಿಕೋನ ಪುಂಡ, ಪಾಪ ವೃತ್ತ ಹೆದರಿದೆ, ಸಣ್ಣದು ಅದನ್ನು ಕಾಪಾಡುತ್ತಿದೆ! ಅಲುಗಾಡುವುದಕ್ಕೆಲ್ಲ ಮನಸ್ಸಿದೆ ಅಂದುಕೊಳ್ಳುವುದು ನಮ್ಮ ಮಿದುಳಿನ ಚಾಳಿ.

ಮಿಠಾಯಿ ಕಂಪನಿಗಳಿಗೆ ಈ ಚಾಳಿಯಿಂದ ಲಾಭವಿದೆ, ಪೇಚೂ ಇದೆ. ಎಂ ಅಂಡ್ ಎಂಸ್ ಮಿಠಾಯಿಗೆ 1954ರಿಂದಲೂ ಕಣ್ಣು, ಕೈಕಾಲು, ಮಾತು ಇವೆ. ಮುದ್ದಾಗಿವೆ. ಆದರೆ ಅವು ತಿನ್ನುವ ವಸ್ತು ತಾನೇ? ಹಾಗಾಗಿ ಎಷ್ಟೋ ಜೋಕುಗಳು ತಿನ್ನಿಸಿಕೊಳ್ಳುವ ಭಯದ ಮೇಲೇ ನಿಂತಿವೆ. 2021ರ ಜಾಹೀರಾತೊಂದರಲ್ಲಿ ನಟ ಡಾನ್ ಲೆವಿ, ನಿಮ್ಮ ಗೆಳೆಯರನ್ನು ಇನ್ನು ತಿನ್ನುವುದಿಲ್ಲ ಅಂತ ಆ ಮಿಠಾಯಿಗಳಿಗೇ ಮಾತು ಕೊಡುತ್ತಾನೆ. ದೊಡ್ಡವರಿಗೆ ನಗು. ಐದು ವರ್ಷದ ಮಗುವಿನ ಜೊತೆ ಕೂತು ನೋಡಿ, ಅದು ಕೈಯಲ್ಲಿರುವ ಪೊಟ್ಟಣವನ್ನೊಮ್ಮೆ ನೋಡುತ್ತದೆ.

ಮಕ್ಕಳ ಈ ಮರುಕ ಸುಮ್ನೆ ನಮ್ಮ ಊಹೆಯಲ್ಲ. ಟ್ರಿಕ್ಸ್ ಅನ್ನುವ ಬಣ್ಣದ, ಸಿಹಿಯ ತಿಂಡಿಯೊಂದಿದೆ, ಅಮೆರಿಕದ ಮಕ್ಕಳು ಬೆಳಿಗ್ಗೆ ಹಾಲಿಗೆ ಹಾಕಿಕೊಂಡು ತಿನ್ನುವುದು. 1959ರಿಂದ ಅದರ ಜಾಹೀರಾತಿನಲ್ಲಿ ಒಂದು ಮೊಲ. ಅದಕ್ಕೆ ಆ ತಿಂಡಿ ತಿನ್ನುವ ಆಸೆ. ವೇಷ ಹಾಕುತ್ತದೆ, ಉಪಾಯ ಹೂಡುತ್ತದೆ. ಪ್ರತಿ ಸಲವೂ ಮಕ್ಕಳು ಬಟ್ಟಲು ಕಿತ್ತುಕೊಂಡು, ಪೆದ್ದು ಮೊಲವೇ, ಇದು ಮಕ್ಕಳಿಗೆ ಅನ್ನುತ್ತಾರೆ. ಇದು ಜೋಕು. ಹದಿನೇಳು ವರ್ಷ ನಡೆಯಿತು. 1976ರಲ್ಲಿ ಕಂಪನಿ ಮಕ್ಕಳನ್ನೇ ಕೇಳಿತು: ಮೊಲಕ್ಕೆ ಕೊಡೋಣವೇ, ಬೇಡವೇ? ಓಟು ಹಾಕಿ ಕಳಿಸಿ ಅಂದಿತು. ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಕೊಡಿ ಅಂದರು. ಮೊಲಕ್ಕೆ ಒಂದು ಬಟ್ಟಲು ಸಿಕ್ಕಿತು. ಆಮೇಲೆ ಮತ್ತೆ ಹಳೇ ಕತೆ, ಅದು ಬೇರೆ ಮಾತು.

ಇದರ ಉಲ್ಟಾ ಆಟವನ್ನೂ ಒಬ್ಬರು ಆಡಿದ್ದಾರೆ. ಮಿಠಾಯಿಯದ್ದಲ್ಲ, ಪೀಠೋಪಕರಣ ಮಾರುವ ಐಕಿಯಾದ 2002ರ ಜಾಹೀರಾತು, ನಿರ್ದೇಶಕ ಸ್ಪೈಕ್ ಜೋನ್ಸ್. ಹಳೆಯ ಟೇಬಲ್ ಲ್ಯಾಂಪೊಂದನ್ನು ಮನೆಯಿಂದ ತಂದು ಬೀದಿಯಲ್ಲಿ ಇಡುತ್ತಾರೆ. ರಾತ್ರಿ, ಮಳೆ, ಮೆಲ್ಲನೆಯ ಪಿಯಾನೊ. ಕಿಟಕಿಯೊಳಗೆ ಹೊಸ ಲ್ಯಾಂಪು ಬೆಳಗುತ್ತಿದೆ. ನಮ್ಮ ಗಂಟಲು ಕಟ್ಟುವ ಹೊತ್ತಿಗೆ ಒಬ್ಬ ಮನುಷ್ಯ ಮಳೆಯಲ್ಲೇ ಬಂದು ನಿಂತು, ಲ್ಯಾಂಪಿಗೆ ಮರುಗುತ್ತಿರುವ ನಿಮಗೆ ತಲೆ ಕೆಟ್ಟಿದೆ, ಅದಕ್ಕೆ ಭಾವನೆ ಇಲ್ಲ ಅಂತ ನಮಗೇ ಬೈಯುತ್ತಾನೆ. ನಾವು ಬೆಪ್ಪಾಗಿ ನಗುತ್ತೇವೆ. ಇಲ್ಲಿ ದುಃಖ ಮೊದಲು, ಜೋಕು ಆಮೇಲೆ. ಕೊನೆಗೆ ಬಂದದ್ದು ಬಾಯಲ್ಲಿ ಉಳಿಯುತ್ತದೆ. ಟಿಮ್‌ನ ಜಾಹೀರಾತಿನಲ್ಲಿ ಜೋಕು ಮೊದಲು, ದುಃಖ ಆಮೇಲೆ. ಆ ಗಾಯ ಮಾಯಲು ಸಮಯವೇ ಇಲ್ಲ. ಮರುಕ್ಷಣಕ್ಕೆ ಸೋಪಿನ ಜಾಹೀರಾತು ಬಂದುಬಿಡುತ್ತದೆ.

ನೋಡುವ ಕಣ್ಣು ಬದಲಾದಾಗ

2021ರ ಮೇ ತಿಂಗಳು. ನನಗೆ ಕೊರೊನಾ. ಮಹಡಿ ಮೇಲಿನ ಕೋಣೆಯಲ್ಲಿ ಹದಿನಾಲ್ಕು ದಿನ ಒಬ್ಬನೇ. ಮಗನಿಗೆ ಆಗ ಎರಡು ವರ್ಷ. ಅಂಗಳದಲ್ಲಿ ನಿಂತು ಮೇಲೆ ನೋಡುತ್ತಾ ಎರಡೂ ಕೈ ಚಾಚುತ್ತಿದ್ದ. ನಾನು ಕಿಟಕಿಯ ಸರಳು ಹಿಡಿದುಕೊಂಡು ಟಾಟಾ ಮಾಡುತ್ತಿದ್ದೆ. ತಟ್ಟೆ ಬಾಗಿಲ ಹೊರಗೆ ಇಟ್ಟು ಹೋಗುತ್ತಿದ್ದರು.

ಭಾವ ಫೋನು ಹಿಡಿದ ಆ ದಿನ ನನಗೆ ಇದ್ಯಾವುದೂ ನೆನಪಿಗೆ ಬಂದಿರಲಿಲ್ಲ. ಹುಡುಗಿ ಪ್ರಶ್ನೆ ಕೇಳಿದ ಮೇಲೆ ಬಂತು. 2007ರಲ್ಲಿ, ಮುಟ್ಟಿದರೆ ಅಪಾಯ ಅನ್ನುವುದು ಬರೀ ಕಟ್ಟುಕತೆ. ಈಗ ಅದು ಎಷ್ಟೋ ಮನೆಗಳಲ್ಲಿ ನಡೆದುಹೋದ ಸಂಗತಿ. ಜಾಹೀರಾತು ಒಂದಿಂಚೂ ಅಲುಗಲಿಲ್ಲ, ನಾವೇ ಅದರ ಹತ್ತಿರ ಸರಿದೆವು.

ನಮ್ಮ ದೇಶದ ಹ್ಯಾಪಿಡೆಂಟ್ ಚೂಯಿಂಗ್ ಗಮ್ಮಿನ ಜಾಹೀರಾತನ್ನೂ ಹೀಗೇ ನೋಡಬಹುದು. ರಾಮ್ ಮಾಧ್ವಾನಿ ನಿರ್ದೇಶನ, ಕೈಲಾಶ್ ಖೇರ್ ದನಿ. ಈಗ ಮೂವತ್ತು ದಾಟಿದವರಿಗೆಲ್ಲ ನೆನಪಿರುತ್ತದೆ. ಹಳೇ ಕಾಲದ ಅರಮನೆ, ಅಲ್ಲಿ ಬಲ್ಬುಗಳಿಲ್ಲ. ಗಮ್ ಅಗಿದು ಹಲ್ಲು ಫಳಫಳ ಹೊಳೆಯುವ ಮನುಷ್ಯರೇ ದೀಪ. ಬೀದಿ ದೀಪವೂ ಮನುಷ್ಯ, ಕಾರಿನ ದೀಪವೂ ಮನುಷ್ಯ. ಕೆಲಸಕ್ಕೆ ತಡವಾದ ಒಬ್ಬ ಎದ್ದುಬಿದ್ದು ಬಂದು ಮೇಲೆ ಹತ್ತಿ, ತೂಗುದೀಪದಲ್ಲಿ ನೇತಾಡುವವರ ನಡುವೆ ತನ್ನ ಜಾಗ ಹಿಡಿದು ಹಲ್ಲು ಕಿರಿಯುತ್ತಾನೆ. ಅರಮನೆ ಝಗ್ ಅನ್ನುತ್ತದೆ. ಆ ಕಲ್ಪನೆಗೆ ನಾನು ಇವತ್ತಿಗೂ ತಲೆದೂಗುತ್ತೇನೆ. ಆದರೆ ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಮನೆಗೆ ಬರುವ ಸೆಕ್ಯುರಿಟಿಯವರೊಬ್ಬರು ಅದನ್ನು ನೋಡಿದರೆ ತೂಗುದೀಪ ಕಾಣುತ್ತದೋ, ಅದರಲ್ಲಿ ನೇತಾಡುವವನ ತೋಳು ಕಾಣುತ್ತದೋ?

ಭಾಷೆಯೂ ಸ್ವಲ್ಪ ಕೆಡಿಸುತ್ತದೆ. ಹಿಂದಿಯಲ್ಲಿ ಮಾಡಿದ್ದನ್ನು ಕನ್ನಡಕ್ಕೆ ಡಬ್ ಮಾಡಿ ಹಾಕುತ್ತಾರಲ್ಲ, ತುಟಿಗೂ ಮಾತಿಗೂ ತಾಳೆಯಾಗದೆ ಜೋಕು ಸೋರಿಹೋಗುತ್ತದೆ. ಜೋಲು ಮುಖ ಮಾತ್ರ ಉಳಿಯುತ್ತದೆ.

ಮಾಡಿದವರಿಗೆ ಗೊತ್ತಿರಲಿಲ್ಲವೇ?

ಸ್ಕಿಟಲ್ಸ್‌ನವರಿಗೆ ಚೆನ್ನಾಗಿ ಗೊತ್ತಿತ್ತು ಅನ್ನುವುದು ನನ್ನ ಅಂದಾಜು. ಡೆಡ್‌ಪ್ಯಾನ್ ಅನ್ನುವ ಹಾಸ್ಯದ ಬಗೆಯೊಂದಿದೆ. ಎಂಥ ಹುಚ್ಚು ಮಾತನ್ನೂ ಮುಖದಲ್ಲಿ ಗೆರೆ ಬದಲಾಗದೆ ಹೇಳುವುದು. ನಮ್ಮೂರಿನಲ್ಲೂ ಇಂಥವರು ಇರುತ್ತಾರೆ, ಊರೆಲ್ಲ ನಗುವಾಗ ತಾವು ಮಾತ್ರ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿರುವವರು. ಟಿಮ್ ಪಾತ್ರ ಮಾಡಿದ ನಟ ಒಂಚೂರು ಕಣ್ಣು ಮಿಟುಕಿಸಿದ್ದರೆ ನಾವು ಪಾರಾಗುತ್ತಿದ್ದೆವು, ಜಾಹೀರಾತು ಸಪ್ಪೆಯಾಗುತ್ತಿತ್ತು. ಅವನ ದುಃಖ ನಿಜವಾದಷ್ಟೂ, ಪುಕ್ಕಟೆ ಮಿಠಾಯಿಯ ಮಾತು ಅಷ್ಟು ಹುಚ್ಚಾಗಿ ಕೇಳುತ್ತದೆ. ತಕ್ಕಡಿಯ ಒಂದು ಕಡೆ ಮಗು, ಇನ್ನೊಂದು ಕಡೆ ಗುಳಿಗೆ. ಸಾಲದ್ದಕ್ಕೆ, ಎಲ್ಲರೂ ನಗುವ ಜಾಹೀರಾತಿಗಿಂತ ಮನೆಮಂದಿ ಜಗಳವಾಡುವ ಜಾಹೀರಾತು ಜಾಸ್ತಿ ನೆನಪಿರುತ್ತದೆ.

ತಕ್ಕಡಿ ಕೈತಪ್ಪಿದ್ದೂ ಇದೆ. ಅದೇ 2007ರ ಫೆಬ್ರವರಿಯಲ್ಲಿ, ಅಮೆರಿಕದವರು ಊರೆಲ್ಲ ಕೂತು ನೋಡುವ ಸೂಪರ್ ಬೌಲ್ ಪಂದ್ಯದ ನಡುವೆ, ಜನರಲ್ ಮೋಟರ್ಸ್ ಒಂದು ಜಾಹೀರಾತು ಹಾಕಿತು. ಕಾರ್ಖಾನೆಯ ರೋಬೋ ಒಂದು ಸ್ಕ್ರೂ ಬೀಳಿಸುತ್ತದೆ. ಕೆಲಸದಿಂದ ತೆಗೆಯುತ್ತಾರೆ. ಸಣ್ಣಪುಟ್ಟ ಕೆಲಸ ಮಾಡಿಕೊಂಡು ಅಲೆದಾಡಿ, ಕೊನೆಗೆ ಸೇತುವೆಯಿಂದ ಹಾರುತ್ತದೆ. ಆಮೇಲೆ ಎಲ್ಲವೂ ಕನಸು ಅಂತ ತೋರಿಸುತ್ತಾರೆ. ಗುಣಮಟ್ಟದ ಬಗ್ಗೆ ನಮಗೆ ಅಷ್ಟು ಕಾಳಜಿ ಅನ್ನುವುದು ಅವರ ಜೋಕು. ಆತ್ಮಹತ್ಯೆ ತಡೆಯಲು ಕೆಲಸ ಮಾಡುವ ಸಂಸ್ಥೆ ಆಕ್ಷೇಪಿಸಿತು, ಕಂಪನಿ ಆ ಭಾಗವನ್ನು ಬದಲಾಯಿಸಿತು. ಮುಟ್ಟಿದರೆ ಮಿಠಾಯಿಯಾಗುವವರು ಜಗತ್ತಿನಲ್ಲಿ ಯಾರೂ ಇಲ್ಲ. ಕೆಲಸ ಕಳೆದುಕೊಂಡವರು ಎಲ್ಲ ಬೀದಿಯಲ್ಲೂ ಇದ್ದಾರೆ. ಅಲ್ಲಿ ಅರಿವಳಿಕೆಗೆ ಆಸ್ಪದವೇ ಇರಲಿಲ್ಲ.

ಆವತ್ತು ಸಂಜೆ ಹುಡುಗಿಯನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದೆ. ಸ್ಕಿಟಲ್ಸ್ ಅನ್ನುವ ಹೆಸರು ಅವಳಿಗೆ ನೆನಪಿರಲಿಲ್ಲ. "ಪಾಪು ಮಾಮನ ಚಾಕ್ಲೇಟು ಇದ್ಯಾ?" ಅಂತ ಕೇಳಿದಳು. ಅಂಗಡಿಯವರು ನನ್ನ ಮುಖ ನೋಡಿದರು. ಇರಲಿಲ್ಲ, ಜೆಮ್ಸ್ ಕೊಡಿಸಿದೆ. ದಾರಿಯುದ್ದಕ್ಕೂ ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಾ ಏನೋ ಯೋಚಿಸುತ್ತಿದ್ದಳು. ಗೇಟಿನ ಹತ್ತಿರ ಬಂದಾಗ ತೀರ್ಮಾನ ಹೇಳಿದಳು:

"ಮಾಮಾ, ಸ್ಟೇಪ್ಲರಿಂದ ಆಗಿದ್ದು ತಿನ್ಬೋದು. ಬಸ್ಸಿನ ಅಂಕಲ್‌ದು ಬೇಡ."